ಇಮ್ಯಾನುಯೆಲರ ಬಿಂಬುಳಿ ರಸ

ಲಿಯೋನೆಲ್‌ನ ಮದುವೆಯ ಮಾತುಕತೆ ಅದಾಗಲೇ ಎರಡು ಸಲ ಇಲಿಗಳ ಕಾರಣದಿಂದ ಮುರಿದುಬಿದ್ದಿತ್ತು.

ಮೊದಲನೆಯದು ಉದ್ಯಾವರದಲ್ಲಿ. ಹುಡುಗಿಯ ಅಜ್ಜಿ “ನಿನಗೆ ಎಂತ ಕೆಲಸ, ಮಗಾ?” ಎಂದು ಕೇಳಿದ್ದರು. ಮಣಿಪಾಲದ ಹೊರಗಿರುವ ಒಂದು ಫಾರ್ಮಸಿ ಕಾಲೇಜಿನಲ್ಲಿ ಉಪನ್ಯಾಸಕ, ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ಹೇಳಿ ಸುಮ್ಮನಿರಬಹುದಿತ್ತು. ಆದರೆ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡದೆ ಲಿಯೋನೆಲ್‌ಗೆ ಸಮಾಧಾನವಿಲ್ಲ. ಬಿಳಿ ಇಲಿಗಳಿಗೆ ತೆಂಗಿನೆಣ್ಣೆ, ವನಸ್ಪತಿ ತಿನ್ನಿಸಿ ಅವುಗಳ ರಕ್ತದಲ್ಲಿ ಕೊಬ್ಬು ಏರಿಸುವುದು, ಆಮೇಲೆ ಗಿಡದ ಸಾರ ಕುಡಿಸಿ ಅದು ಇಳಿಯುತ್ತದೋ ಎಂದು ನೋಡುವುದು, ಇದು ತನ್ನ ಕೆಲಸ ಎಂದ. “ರಕ್ತ ಎಲ್ಲಿಂದ ತೆಗೆಯುವುದು?” ಎಂದು ಅಜ್ಜಿ ಕೇಳಿದರು. “ಕಣ್ಣಿನ ಹಿಂದಿನಿಂದ” ಎಂದ. ಅಜ್ಜಿ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಹಾಕಿ ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಎರಡನೆಯ ಮನೆಯಲ್ಲಿ ಸ್ವತಃ ಹುಡುಗಿಯೇ, ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಎಲ್ಲಿಗೆ ಬಿಡುತ್ತೀರಿ ಎಂದು ಪ್ರೀತಿಯಿಂದ ಕೇಳಿದ್ದಳು. ಅದಕ್ಕೂ ಅವನು ಪೂರ್ತಿ ಉತ್ತರ ಕೊಟ್ಟಿದ್ದ.

ಮೂರನೆಯ ಮನೆ ಶಿರ್ವದಲ್ಲಿ. ಸಂಬಂಧ ತಂದದ್ದು ತಾಯಿಯ ಗೆಳತಿ ಬೇಬಿ ಆಂಟಿ. ಜನವರಿಯ ಒಂದು ಭಾನುವಾರ ಬಜಗೋಳಿಯ ಮನೆಯಿಂದ ಹೊರಡುವಾಗ ತಾಯಿ ಎಚ್ಚರಿಸಿದರು. “ಈ ಸಲ ಟೀಚರ್ ಅಂತ ಮಾತ್ರ ಹೇಳು. ಇಲಿಯ ಸುದ್ದಿ ಎತ್ತಿದರೆ ನಾನು ಅಲ್ಲಿಂದಲೇ ಬಸ್ಸು ಹಿಡಿಯುತ್ತೇನೆ.”

ಹುಡುಗಿಯ ತಂದೆ ಇಮ್ಯಾನುಯೆಲ್ ಬಹರೈನ್‌ನಲ್ಲಿ ಒಂದು ಕಂಪನಿಯ ಗೋದಾಮು ನೋಡಿಕೊಂಡಿದ್ದು, ಎರಡಂತಸ್ತಿನ ಮನೆ ಕಟ್ಟಿ ಊರಿಗೆ ಮರಳಿದವರು. ಬರುವಾಗ ಕೊಲೆಸ್ಟರಾಲನ್ನೂ ತಂದಿದ್ದರು. ಅದರ ಬಗ್ಗೆ ಅವರಿಗೆ ಸಂಕೋಚವೇನೂ ಇರಲಿಲ್ಲ. ಹೊರದೇಶದಿಂದ ತಂದ ಉಳಿದ ಸಾಮಾನುಗಳ ಹಾಗೆ ಅದನ್ನೂ ಮನೆಗೆ ಬಂದವರಿಗೆ ತೋರಿಸುತ್ತಿದ್ದರು. ಹೆಂಡತಿ ಇಮೆಲ್ಡಾ ಕೇಕು, ಚಕ್ಕುಲಿ ತಂದಿಟ್ಟರು. ಮಗಳು ಶಾರ್ಲೆಟ್ ಕಾಪುವಿನ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಅವಳು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು ಲಿಯೋನೆಲ್‌ನನ್ನು, ಕೈಬರಹ ಅರ್ಥವಾಗದ ಚೀಟಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

“ಪಿಎಚ್‌ಡಿ ಎಂತದ್ದರಲ್ಲಿ?” ಎಂದು ಇಮ್ಯಾನುಯೆಲ್ ಕೇಳಿದರು.

ತಾಯಿ ಕೆಮ್ಮಿದರು.

“ಕೊಲೆಸ್ಟರಾಲ್ ಇಳಿಸುವುದರಲ್ಲಿ” ಎಂದ ಲಿಯೋನೆಲ್.

ಇಮ್ಯಾನುಯೆಲ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. “ಯಾವ ಮದ್ದು?”

“ಬಿಂಬುಳಿ.”

ಬೆರಳುದ್ದದ ಹಸಿರು ಕಾಯಿ, ಮರದ ಕಾಂಡಕ್ಕೇ ಗೊಂಚಲಾಗಿ ಅಂಟಿಕೊಳ್ಳುವಂಥದು, ಕಚ್ಚಿದರೆ ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ಬಂಗುಡೆ ಮೀನಿನ ಸಾರಿಗೆ ನಾಲ್ಕು ಕಾಯಿ ಬಿದ್ದರೆ ಹುಣಸೆ ಬೇಕಾಗುವುದಿಲ್ಲ. ಅಂಥ ಮರವೊಂದು ಇಮ್ಯಾನುಯೆಲರ ಬಾವಿಯ ಪಕ್ಕದಲ್ಲೇ ಇತ್ತು. ಅವರು ಕಿಟಕಿಯಿಂದ ಅದನ್ನು ಹೊಸದಾಗಿ ಕಂಡವರಂತೆ ನೋಡಿದರು.

“ಇಳಿಯಿತಾ?”

“ಇಲಿಗಳಲ್ಲಿ ಇಳಿಯಿತು ಅಂಕಲ್. ಇಲಿಗಳಲ್ಲಿ ಮಾತ್ರ. ಅದೂ ಒಣಗಿಸಿದ ಕಾಯಿಯ ಸಾರ, ಲೆಕ್ಕ ಹಾಕಿ ಕೊಟ್ಟದ್ದು. ಮನುಷ್ಯರಿಗೆ ಯಾರೂ ಸರಿಯಾಗಿ ಕೊಟ್ಟು ನೋಡಿಲ್ಲ.”

ಇಷ್ಟರಲ್ಲಿ ಇಮ್ಯಾನುಯೆಲರ ಕಿವಿಗೆ ಬಿದ್ದದ್ದು ‘ಇಳಿಯಿತು’ ಎಂಬ ಒಂದು ಮಾತು. ಶಾರ್ಲೆಟ್‌ಗೆ ಉಳಿದದ್ದೂ ಕೇಳಿಸಿತ್ತು. ತಿಂಡಿಯ ಮೇಲೆ ಇಬ್ಬರೂ ಅಂಗಳದಲ್ಲಿ ಒಂದು ಸುತ್ತು ಹೋದಾಗ ಅವಳು ಕೇಳಿದ್ದು ಇಷ್ಟೇ. “ಇಲಿಗಳನ್ನು ಎಷ್ಟು ಗುಂಪು ಮಾಡಿದ್ದೀರಿ?”

“ಐದು. ಒಂದಕ್ಕೆ ಬರೀ ಊಟ, ಒಂದಕ್ಕೆ ಬರೀ ಕೊಬ್ಬು. ಮೂರನೆಯದಕ್ಕೆ ಕೊಲೆಸ್ಟರಾಲ್ ಇಳಿಸಲು ಅಂಗಡಿಯಲ್ಲಿ ಸಿಗುವ ಸ್ಟಾಟಿನ್ ಮಾತ್ರೆ, ಹೋಲಿಸಿ ನೋಡಲಿಕ್ಕೆ. ಉಳಿದೆರಡಕ್ಕೆ ಬಿಂಬುಳಿ, ಕಡಿಮೆ ಮತ್ತು ಹೆಚ್ಚು.”

“ಮಾತ್ರೆಗಿಂತ ಚೆನ್ನಾಗಿ ಇಳಿಯಿತಾ?”

“ಇಲ್ಲ.”

ಶಾರ್ಲೆಟ್ ತಲೆಯಾಡಿಸಿದಳು. ಅವಳಿಗೆ ಈ ಉತ್ತರ ಹಿಡಿಸಿತೆಂದು ಲಿಯೋನೆಲ್‌ಗೆ ಗೊತ್ತಾದದ್ದು ಮರುವಾರ, ಬೇಬಿ ಆಂಟಿಯ ಫೋನು ಬಂದಾಗ. ಈಸ್ಟರ್ ಕಳೆದ ಮೇಲೆ ಮದುವೆ ಎಂದು ನಿಶ್ಚಯವಾಯಿತು.

ಫೆಬ್ರವರಿಯ ಕೊನೆಗೆ ಶಾರ್ಲೆಟ್ ಫೋನು ಮಾಡಿದಳು. “ನಿಮ್ಮ ಮದ್ದನ್ನು ಪಪ್ಪಾ ಕುಡಿಯುತ್ತಿದ್ದಾರೆ.”

“ಯಾವ ಮದ್ದು?”

“ಬಿಂಬುಳಿ. ದಿನಾ ಬೆಳಿಗ್ಗೆ ಒಂದು ಲೋಟ ಹಸಿ ರಸ. ಮಮ್ಮಿ ಅರೆದು ಸೋಸಿ ಕೊಡುವುದು. ಕೊಲೆಸ್ಟರಾಲಿನ ಮಾತ್ರೆ ಬಿಟ್ಟಿದ್ದಾರೆ. ಹೋದ ತಿಂಗಳು ನಾನು ತಂದುಕೊಟ್ಟದ್ದು ಹಾಗೆಯೇ ಉಂಟು.”

ಲಿಯೋನೆಲ್ ಅದೇ ಸಂಜೆ ಶಿರ್ವಕ್ಕೆ ಹೋದ. ಇಮ್ಯಾನುಯೆಲ್ ವರಾಂಡದಲ್ಲಿ ಕಾಲು ಚಾಚಿ ಕುಳಿತಿದ್ದರು. ಮಾತ್ರೆ ಬಿಡಬಾರದು, ಹಸಿ ರಸ ಬೇರೆ, ತಾನು ಇಲಿಗೆ ಕೊಟ್ಟ ಸಾರ ಬೇರೆ ಎಂದು ಅವನು ವಿವರಿಸಿದ. ಅವರು ಕೊನೆಯವರೆಗೆ ಕೇಳಿದರು.

“ನಿನ್ನ ಇಲಿಗಳು ಈಗ ಹೇಗಿವೆ?”

“ಎಲ್ಲಾ ಸತ್ತವು ಅಂಕಲ್.”

“ಬಿಂಬುಳಿಯಿಂದಾ?”

“ಅಲ್ಲ. ನಾವೇ ಕೊಂದದ್ದು. ಒಳಗೆ ನೋಡಲಿಕ್ಕೆ.”

“ಹಾಗಾದರೆ ಬಿಂಬುಳಿಯ ತಪ್ಪು ಎಂತದ್ದೂ ಇಲ್ಲ” ಎಂದು ಇಮ್ಯಾನುಯೆಲ್ ತೀರ್ಮಾನಿಸಿ, ಚಹಾ ತರಲು ಹೆಂಡತಿಯನ್ನು ಕೂಗಿದರು.

ಆದರೆ ಒಳಗೆ ಪೂರ್ತಿ ನೋಡಿರಲಿಲ್ಲ ಎಂಬುದು ಮಣಿಪಾಲಕ್ಕೆ ಮರಳುವ ದಾರಿಯಲ್ಲಿ ಲಿಯೋನೆಲ್‌ಗೆ ಹೊಳೆಯಿತು. ಕೊಬ್ಬು ಕೂಡುವುದು ಯಕೃತ್ತಿನಲ್ಲಿ. ಆದ್ದರಿಂದ ಪ್ರಯೋಗದಲ್ಲಿ ನೋಡಿದ್ದು ಯಕೃತ್ತನ್ನು. ಮೂತ್ರಪಿಂಡಗಳನ್ನು ನಿಯಮವೆಂದು ತೆಗೆದು, ಕೊಳೆಯದಂತೆ ಫಾರ್ಮಲಿನ್ ಬಾಟಲಿಗಳಲ್ಲಿ ಇಟ್ಟಿದ್ದರು, ಅಷ್ಟೇ. ಹಸಿ ಬಿಂಬುಳಿಯಲ್ಲಿ ಆಕ್ಸಾಲಿಕ್ ಎಂಬ ಆಮ್ಲ ಬಹಳ, ಅದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ ಎಂದು ಅವನು ಎಲ್ಲೋ ಓದಿದ್ದ. ಓದಿದ್ದನ್ನು ತನ್ನ ಇಲಿಗಳೊಂದಿಗೆ ಸೇರಿಸಿ ಯೋಚಿಸಿರಲಿಲ್ಲ. ಬಾಟಲಿಗಳನ್ನು ಕಪಾಟಿನಿಂದ ಇಳಿಸಿ, ಸ್ಲೈಡ್ ಮಾಡಲು ಕೊಟ್ಟ. ಬಂದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದ. ಕಡಿಮೆ ಬಿಂಬುಳಿ ಕುಡಿದ ಗುಂಪಿನಲ್ಲಿ ವಿಶೇಷವಿರಲಿಲ್ಲ. ಹೆಚ್ಚು ಕುಡಿದ ಗುಂಪಿನ ಮೂತ್ರಪಿಂಡಗಳಲ್ಲಿ ಅಲ್ಲಲ್ಲಿ ಹರಳುಗಳಿದ್ದವು. ನೆಲದ ಮೇಲೆ ಒಡೆದ ಬಳೆಯ ಚೂರಿನ ಹಾಗೆ ಹೊಳೆಯುತ್ತಿದ್ದವು.

ಮಾರ್ಗದರ್ಶಕಿ ಡಾ. ಹರಿಣಾಕ್ಷಿಯವರನ್ನು ಕರೆದು ತೋರಿಸಿದ. ಅವರು ಬಹಳ ಹೊತ್ತು ನೋಡಿದರು.

“ನಮ್ಮ ಟೈಟಲ್‌ನಲ್ಲಿ ಕಿಡ್ನಿ ಉಂಟಾ?”

“ಇಲ್ಲ ಮೇಡಂ.”

“ಮತ್ತೆ?” ಎಂದು ಕನ್ನಡಕ ಹಾಕಿಕೊಂಡರು. “ಮುಂದೆ ಮಾಡಬೇಕಾದ ಕೆಲಸ ಅಂತ ಕೊನೆಯಲ್ಲಿ ಒಂದು ಸಾಲು ಹಾಕು. ಪೇಪರ್ ಈ ವಾರ ಕಳಿಸಲಿಕ್ಕೆ ಉಂಟು.”

ಲಿಯೋನೆಲ್ ಒಂದು ಸಾಲು ಹಾಕಿದ. ಮರುದಿನ ಕಾಪುವಿಗೆ ಹೋಗಿ, ಶಾರ್ಲೆಟ್‌ಳ ಮೆಡಿಕಲ್ ಶಾಪಿನ ಕೌಂಟರಿನ ಈಚೆ ನಿಂತು ವಿಷಯ ಹೇಳಿದ.

“ಹರಳು ಅಂದರೆ ಎಷ್ಟು?”

“ಕೆಲವುಗಳಲ್ಲಿ ಬಹಳ. ನಿನ್ನ ಪಪ್ಪಾ ಕುಡಿಯುವುದು ಹಸಿ ರಸ, ಅದು ಇನ್ನೂ—”

“ಜ್ವರಕ್ಕೆ ಒಂದು ಮಾತ್ರೆ ಕೊಡಿ” ಎಂದು ಪಕ್ಕದಲ್ಲೊಬ್ಬರು ಕೈ ಚಾಚಿದರು. ಶಾರ್ಲೆಟ್ ಯಾರಿಗೆ, ಎಷ್ಟು ವಯಸ್ಸು ಎಂದು ವಿಚಾರಿಸಿ ಮಾತ್ರೆ ಕತ್ತರಿಸಿ ಕೊಟ್ಟಳು.

“ಬೇಡ ಅಂದರೆ ಪಪ್ಪಾ ಎರಡು ಲೋಟ ಕುಡಿಯುವ ಜನ” ಎಂದಳು ಆಮೇಲೆ. “ನೀವು ಬಿಡಿ. ನಾನು ನೋಡಿಕೊಳ್ಳುತ್ತೇನೆ.”

ಹೇಗೆ ಎಂದು ಲಿಯೋನೆಲ್ ಕೇಳಲಿಲ್ಲ. ಅವಳು ಹೇಳಿದ ರೀತಿಯಲ್ಲಿ ಕೇಳಲು ಜಾಗವಿರಲಿಲ್ಲ.

ಮಾರ್ಚ್ ನಡುವಿನಲ್ಲಿ ಒಂದು ಮಧ್ಯಾಹ್ನ ಇಮ್ಯಾನುಯೆಲ್ ಹೇಳದೆ ಕೇಳದೆ ಕಾಲೇಜಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಕೈಯಲ್ಲಿ ಸ್ವೀಟಿನ ಪೆಟ್ಟಿಗೆ, ಇನ್ನೊಂದರಲ್ಲಿ ರಕ್ತಪರೀಕ್ಷೆಯ ರಿಪೋರ್ಟು. ನೇರವಾಗಿ ಹರಿಣಾಕ್ಷಿಯವರ ಕೋಣೆಗೆ ಹೋಗಿ ರಿಪೋರ್ಟನ್ನು ಮೇಜಿನ ಮೇಲೆ ಹರಡಿದರು. ಕೆಟ್ಟ ಕೊಲೆಸ್ಟರಾಲ್ ಇಳಿದು ಇರಬೇಕಾದಲ್ಲಿ ನಿಂತಿತ್ತು. ಕಿಡ್ನಿಯ ಅಂಕಿಯೂ ಸರಿಯಾಗಿತ್ತು.

“ಮಾತ್ರೆ ಇಲ್ಲ ಮೇಡಂ” ಎಂದರು. “ಬರೀ ಬಿಂಬುಳಿ. ನನ್ನನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ.”

ಹರಿಣಾಕ್ಷಿಯವರ ಮುಖ ಅರಳಿತು. “ಡೋಸ್ ಎಷ್ಟು ತೆಗೆದುಕೊಂಡಿರಿ?”

“ಒಂದು ಲೋಟ.”

“ಎಷ್ಟು ದೊಡ್ಡ ಲೋಟ?”

“ಮನೆಯ ಲೋಟ. ಸ್ಟೀಲಿನದ್ದು.”

ಅವರು ಅದನ್ನು ಬರೆದುಕೊಂಡರು.

ಆ ಸಂಜೆ ಲಿಯೋನೆಲ್‌ಗೆ ಬಹಳ ದಿನದ ಮೇಲೆ ಹಗುರವೆನಿಸಿತು. ಶಾರ್ಲೆಟ್‌ಗೆ ತಂದೆಯನ್ನು ತಡೆಯಲು ಆಗಿಲ್ಲ, ಆದರೂ ಒಳ್ಳೆಯದೇ ಆಗಿದೆ ಎಂದುಕೊಂಡ. ಇಲಿಗಳ ಕಿಡ್ನಿ ಇಲಿಗಳದ್ದು, ಮನುಷ್ಯರದ್ದು ಬೇರೆಯೇ ಇರಬಹುದು. ವರ್ಷಗಟ್ಟಲೆ ಕೊಬ್ಬು ಕಲಸಿ, ಪಂಜರದ ವಾಸನೆ ಅಂಗಿಗೆ ಹತ್ತಿಸಿಕೊಂಡದ್ದಕ್ಕೆ ಕೊನೆಗೂ ಒಬ್ಬ ಮನುಷ್ಯನ ರಕ್ತದಲ್ಲಿ ಫಲ ಕಂಡಿತು. ಅವನು ಶಾರ್ಲೆಟ್‌ಗೆ ಫೋನು ಮಾಡಿ ಸಂತೋಷ ಹಂಚಿಕೊಂಡ.

“ಅದು ಬಿಂಬುಳಿ ಅಲ್ಲ” ಎಂದಳು ಶಾರ್ಲೆಟ್.

“ಮತ್ತೆ?”

“ಮುಳ್ಳುಸೌತೆ. ಮುಳ್ಳುಸೌತೆ ಅರೆದು, ಲಿಂಬೆ ಹಿಂಡಿ, ಉಪ್ಪು ಹಾಕಿ ಕೊಡುವುದು. ಬೆಳಿಗ್ಗೆ ರಸ ಮಾಡುವ ಕೆಲಸ ಮಮ್ಮಿಯಿಂದ ನಾನು ತೆಗೆದುಕೊಂಡೆ. ಮದುವೆ ಆಗಿ ಹೋಗುವವರೆಗೆ ಪಪ್ಪಾನ ಸೇವೆ ನಾನೇ ಮಾಡುತ್ತೇನೆ ಅಂದೆ. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು.”

“ಮುಳ್ಳುಸೌತೆಯಿಂದ ಅಷ್ಟು ಇಳಿಯುವುದಿಲ್ಲ.”

“ಅದರಲ್ಲಿ ಪಪ್ಪಾನ ಮಾತ್ರೆ ಪುಡಿ ಮಾಡಿ ಹಾಕುತ್ತೇನೆ.”

ಇಮ್ಯಾನುಯೆಲ್ ಕ್ಷೇಮವಾಗಿದ್ದಾರೆ ಎಂಬ ನೆಮ್ಮದಿ ಮೊದಲು ಬರಬೇಕಿತ್ತು. ಬರಲಿಲ್ಲ. ಮೊದಲು ಬಂದದ್ದು ಬೇಸರ. ತನ್ನ ಗಿಡ ಏನೂ ಮಾಡಿರಲಿಲ್ಲವಲ್ಲ ಎಂಬ ಬೇಸರ. ನೆಮ್ಮದಿ ಅದರ ಹಿಂದಿನಿಂದ ನಿಧಾನವಾಗಿ ಬಂತು. ಬಂದ ಕ್ರಮವನ್ನು ಗಮನಿಸಿ ಅವನಿಗೆ ನಾಚಿಕೆಯಾಯಿತು.

“ಹಲೋ? ಕೇಳುತ್ತದಾ?”

“ಎಷ್ಟು ಹಾಕುತ್ತೀ?”

“ಡಾಕ್ಟರ್ ಮೊದಲು ಬರೆದಷ್ಟೇ.”

“ಆ ಮಾತ್ರೆಯನ್ನು ಪುಡಿ ಮಾಡಬಹುದು ಅಂತ ನೋಡಿದ್ದೀಯಾ?”

“ನಾನು ಫಾರ್ಮಸಿಸ್ಟ್, ಮಾರಾಯ್ರೆ.”

“ಹಾಗಾದರೆ ನಿನ್ನ ಪಪ್ಪಾ ಮೂರನೆಯ ಗುಂಪು” ಎಂದ ಲಿಯೋನೆಲ್. ಶಾರ್ಲೆಟ್ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿದ್ದು ಅದೇ ಮೊದಲು. ಮದುವೆ ಮುಗಿದ ಮೇಲೆ ಇಬ್ಬರೂ ಸೇರಿ ಹೇಳಿಬಿಡುವುದು, ಅಲ್ಲಿಯವರೆಗೆ ಹೀಗೇ ನಡೆಯಲಿ ಎಂದು ಮಾತಾಯಿತು. ಮೋಸ ಎಂದರೆ ಮೋಸವೇ. ಆದರೆ ಮೋಸ ಹೋದವರು ದಿನೇ ದಿನೇ ಆರೋಗ್ಯವಂತರಾಗುತ್ತಿದ್ದರು. ಹರಿಣಾಕ್ಷಿಯವರಿಗೆ ಮಾತ್ರ, ಒಬ್ಬರ ರಿಪೋರ್ಟನ್ನು ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ ಎಂದು ಲಿಯೋನೆಲ್ ಹೇಳಿದ. ಅವರು ಒಲ್ಲದ ಮನಸ್ಸಿನಿಂದ ಸ್ಟೀಲಿನ ಲೋಟವನ್ನು ಕೈಬಿಟ್ಟರು.

ಇಮ್ಯಾನುಯೆಲರಿಗೆ ಬಾಯಿ ಉಂಟು ಎಂಬುದನ್ನು ಇಬ್ಬರೂ ಮರೆತಿದ್ದರು.

ಭಾನುವಾರ ಪೂಜೆ ಮುಗಿದು ಜನ ಇಗರ್ಜಿಯಿಂದ ಹೊರಬರುವಾಗ ಅವರು ಮೆಟ್ಟಿಲ ಪಕ್ಕದಲ್ಲಿ ನಿಂತಿರುತ್ತಿದ್ದರು. ಜೇಬಿನಲ್ಲಿ ರಿಪೋರ್ಟು. ಅದರ ಜೊತೆಗೆ “ನಮ್ಮ ಅಳಿಯ ಕಂಡುಹಿಡಿದದ್ದು” ಎಂಬ ಮಾತು. ಶಿರ್ವದಲ್ಲಿ ಕೊಲೆಸ್ಟರಾಲ್ ಇಲ್ಲದವರು ಕಡಿಮೆ, ಬಿಂಬುಳಿ ಮರ ಇಲ್ಲದವರೂ ಕಡಿಮೆ. ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ಊಟಕ್ಕೆಂದು ಲಿಯೋನೆಲ್ ಹೋದಾಗ ಬಾವಿಯ ಪಕ್ಕದ ಮರದಲ್ಲಿ ಒಂದು ಕಾಯಿಯೂ ಇರಲಿಲ್ಲ.

“ಬಂಗುಡೆಗೆ ಹಾಕಲಿಕ್ಕೆ ನಾಲ್ಕು ಬಿಂಬುಳಿ ಸಿಗುವುದಿಲ್ಲ ಈಗ” ಎಂದು ಇಮೆಲ್ಡಾ ದೂರಿದರು. “ಎದುರು ಮನೆಯ ಅಲೆಕ್ಸಾಂಡರ್ ಚೀಲ ತಂದು ತುಂಬಿಸಿಕೊಂಡು ಹೋದ. ಅವನಿಗೆ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ.”

ಅಲೆಕ್ಸಾಂಡರ್ ಎಂದರೆ ಇಮ್ಯಾನುಯೆಲರ ಬಾಲ್ಯದ ಗೆಳೆಯ, ಬೇಕರಿ ನಡೆಸುತ್ತಿದ್ದವರು. ಲಿಯೋನೆಲ್ ತಿನ್ನುವುದನ್ನು ನಿಲ್ಲಿಸಿದ. “ಅಂಕಲ್, ಅವರಿಗೆ ಬೇಡ ಅಂತ ಹೇಳಿ. ಕಿಡ್ನಿಗೆ ಆಗುವುದಿಲ್ಲ ಅದು. ನನ್ನ ಇಲಿಗಳಲ್ಲಿ ಹರಳು ಕಂಡಿದೆ.”

“ಇಲಿಗಳ ಕಿಡ್ನಿ ಎಷ್ಟು ದೊಡ್ಡದಿರುತ್ತದೆ?” ಎಂದರು ಇಮ್ಯಾನುಯೆಲ್. “ನನ್ನ ಕಿಡ್ನಿ ನೋಡು. ರಿಪೋರ್ಟಿನಲ್ಲಿ ಉಂಟು. ಒಂದೂ ತೊಂದರೆ ಇಲ್ಲ.”

ಇದಕ್ಕೆ ಸರಿಯಾದ ಉತ್ತರ ಒಂದೇ ಇತ್ತು. ಲಿಯೋನೆಲ್ ಶಾರ್ಲೆಟ್‌ಳನ್ನು ನೋಡಿದ. ಅವಳು ತಟ್ಟೆಯಲ್ಲಿದ್ದ ಸಣ್ಣಕ್ಕಿ ಅನ್ನವನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಿದ್ದಳು. ಮದುವೆಗೆ ಇನ್ನು ಸ್ವಲ್ಪವೇ ದಿನ. ಸಭಾಂಗಣ ಗೊತ್ತಾಗಿತ್ತು, ಸೀರೆ ತಂದಾಗಿತ್ತು. ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡದೆ ಲಿಯೋನೆಲ್ ಊಟ ಮುಗಿಸಿದ. ಹಿಂದಿರುಗುವಾಗ ಎದುರು ಮನೆಯ ಗೇಟಿನ ಮುಂದೆ ಬೈಕು ನಿಲ್ಲಿಸಿದ. ಒಳಗೆ ಯಾರೂ ಇರಲಿಲ್ಲ. ನಾಳೆ ಫೋನು ಮಾಡಿದರಾಯಿತು ಎಂದುಕೊಂಡು ಹೋದ. ಮರುದಿನ ಕಾಲೇಜಿನಲ್ಲಿ ಪರೀಕ್ಷೆ ಇತ್ತು, ಫೋನು ಮಾಡಲಾಗಲಿಲ್ಲ.

ಅದೇ ವಾರ ಅಲೆಕ್ಸಾಂಡರ್‌ರಿಗೆ ಬಿಕ್ಕಳಿಕೆ ಹಿಡಿಯಿತು. ನೀರು ಕುಡಿದರೂ ನಿಲ್ಲಲಿಲ್ಲ. ಆಮೇಲೆ ವಾಂತಿ, ಮುಖ ಊತ. ಮೂತ್ರ ಹೋಗುತ್ತಿಲ್ಲ ಎಂದು ಅವರು ಹೆಂಡತಿಗೂ ಹೇಳಿರಲಿಲ್ಲ. ಹೇಳಿದ ದಿನವೇ ಉಡುಪಿಯ ಆಸ್ಪತ್ರೆಗೆ ಸೇರಿಸಿದರು. ಡಯಾಲಿಸಿಸ್ ಮಾಡಬೇಕಾಯಿತು.

ಸುದ್ದಿ ತಿಳಿದು ಲಿಯೋನೆಲ್ ಶಿರ್ವಕ್ಕೆ ಬರುವಾಗ ಇಮ್ಯಾನುಯೆಲ್ ಕಾರು ಹೊರತೆಗೆದಾಗಿತ್ತು. ಶಾರ್ಲೆಟ್ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಮುಂದಿನ ಸೀಟಿನ ಮೇಲೆ ಟವೆಲ್ ಸುತ್ತಿದ ಒಂದು ಬಾಟಲಿ.

“ಬಾ ಬಾ, ಹತ್ತು” ಎಂದರು ಇಮ್ಯಾನುಯೆಲ್. “ಅದನ್ನು ಮಡಿಲಲ್ಲಿ ಇಟ್ಟುಕೋ. ಇವತ್ತಿನ ನನ್ನ ಪಾಲು. ನಾನು ಕುಡಿಯಲಿಲ್ಲ, ಅಲೆಕ್ಸಾಂಡರ್‌ಗೆ ಇಟ್ಟೆ. ಆಸ್ಪತ್ರೆಯಲ್ಲಿ ಅವನಿಗೆ ಯಾರು ಮಾಡಿಕೊಡುತ್ತಾರೆ?”

ಕಾರು ಕಟಪಾಡಿಗೆ ಬಂತು. ಬಾಟಲಿ ಲಿಯೋನೆಲ್‌ನ ತೊಡೆಯ ಮೇಲೆ ತಣ್ಣಗೆ ಕುಳಿತಿತ್ತು. ಹೆದ್ದಾರಿ ಸೇರುವ ಮೊದಲು ಅವನು, “ಅಂಕಲ್, ಕಾರು ಒಂದು ಬದಿಗೆ ನಿಲ್ಲಿಸಿ” ಎಂದ.

“ಎಂತ, ವಾಂತಿ ಬರುತ್ತದಾ?”

“ನಿಲ್ಲಿಸಿ.”

ಅವರು ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಲ್ಲಿಸಿದರು. ಲಿಯೋನೆಲ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಶಾರ್ಲೆಟ್ ಹೇಳಿದಳು. “ಪಪ್ಪಾ, ಅದರಲ್ಲಿ ಬಿಂಬುಳಿ ಇಲ್ಲ. ಒಂದು ತಿಂಗಳಿನಿಂದ ಇಲ್ಲ. ನೀವು ಕುಡಿದದ್ದು ಮುಳ್ಳುಸೌತೆ, ಲಿಂಬೆ, ಮತ್ತೆ ನಿಮ್ಮ ಮಾತ್ರೆ.”

ಇಮ್ಯಾನುಯೆಲ್ ಕನ್ನಡಿಯಲ್ಲಿ ಮಗಳನ್ನು ನೋಡಿದರು. ಆಮೇಲೆ ಬಾಟಲಿಯನ್ನು ತೆಗೆದುಕೊಂಡು, ಮುಚ್ಚಳ ತೆರೆದು, ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡರು. ನುಂಗಿದರು.

“ಮುಳ್ಳುಸೌತೆ” ಎಂದರು.

“ಅಲೆಕ್ಸಾಂಡರ್ ಅಂಕಲ್ ಕುಡಿದದ್ದು ನಿಜವಾದ್ದು” ಎಂದ ಲಿಯೋನೆಲ್. “ಅವರಿಗೆ ಹೀಗಾದದ್ದು ಅದರಿಂದಲೇ ಇರಬೇಕು. ಡಾಕ್ಟರಿಗೆ ಹೇಳಬೇಕು. ನಾನು ಅವತ್ತು ಊಟದಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.”

“ಯಾಕೆ ಹೇಳಲಿಲ್ಲ?”

“ಮದುವೆ ನಿಲ್ಲುತ್ತದೆ ಅಂತ ಹೆದರಿಕೆ ಆಯಿತು.”

ಇಮ್ಯಾನುಯೆಲ್ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದರು. ಬೈಯುತ್ತಾರೆ ಎಂದು ಇಬ್ಬರೂ ಕಾದರು. ಅಂಗಡಿಯವನು ಹೊರಗೆ ಬಂದು ಏನು ಬೇಕು ಎಂದು ಕೇಳಿದ. ಏನೂ ಬೇಡ ಎಂದು ಇಮ್ಯಾನುಯೆಲ್ ಅವನಿಗೆ ಹೇಳಿ ಕಾರು ಹೊರಡಿಸಿದರು.

ಆಸ್ಪತ್ರೆಯ ಹಾಸಿಗೆಯಲ್ಲಿ ಅಲೆಕ್ಸಾಂಡರ್ ಸಣ್ಣಗೆ ಕಂಡರು. ಏನು ತಿಂದಿರಿ, ಯಾವ ಮದ್ದು ತೆಗೆದುಕೊಂಡಿರಿ ಎಂದು ವೈದ್ಯರು ಕೇಳಿದ್ದಾಗ ಅವರು ಬಿಂಬುಳಿಯ ಹೆಸರೆತ್ತಿರಲಿಲ್ಲ. ಅದು ಮದ್ದೂ ಅಲ್ಲ, ತಿಂಡಿಯೂ ಅಲ್ಲ ಎಂಬುದು ಅವರ ಎಣಿಕೆ. ಲಿಯೋನೆಲ್ ವೈದ್ಯರನ್ನು ಹುಡುಕಿ ಎಲ್ಲವನ್ನೂ ಹೇಳಿದ. ತನ್ನ ಫೋನಿನಲ್ಲಿದ್ದ ಸ್ಲೈಡಿನ ಚಿತ್ರಗಳನ್ನೂ ತೋರಿಸಿದ. ವೈದ್ಯರು, “ಇದನ್ನು ಎಲ್ಲಿಯಾದರೂ ಪ್ರಕಟಿಸಿದ್ದೀರಾ?” ಎಂದು ಕೇಳಿದರು.

“ಒಂದು ಸಾಲು” ಎಂದ ಲಿಯೋನೆಲ್.

ಅವನು ವಾರ್ಡಿಗೆ ಹಿಂದಿರುಗಿದಾಗ ಇಮ್ಯಾನುಯೆಲ್ ಗೆಳೆಯನ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು.

“ನಾನು ಕುಡಿದದ್ದು ಮುಳ್ಳುಸೌತೆ ಅಂತೆ ಮಾರಾಯಾ” ಎನ್ನುತ್ತಿದ್ದರು. “ಒಳಗೆ ಮಾತ್ರೆ. ಮಗಳು ಮಾಡಿದ ಕೆಲಸ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ನಿನಗೆ ಬಿಂಬುಳಿ ಕುಡಿಸಿದೆ.”

ಅಲೆಕ್ಸಾಂಡರ್ ಬಹಳ ಹೊತ್ತು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. “ನನಗೂ ಮುಳ್ಳುಸೌತೆಯೇ ಕೊಡಬಹುದಿತ್ತಲ್ಲ, ಶಾರ್ಲೆಟ್” ಎಂದರು. ಶಾರ್ಲೆಟ್ ಅವರ ಕಾಲ ಹತ್ತಿರ ನಿಂತು ಅತ್ತಳು. ಅವರು ಕೊಳವೆ ಚುಚ್ಚದ ಕೈಯನ್ನು ಎತ್ತಿ ಅವಳಿಗೆ ಬೇಡ ಎಂದು ಸನ್ನೆ ಮಾಡಿದರು.

ಈಸ್ಟರ್‌ನ ಪೂಜೆಯ ಬಳಿಕ ಇಮ್ಯಾನುಯೆಲ್ ಇಗರ್ಜಿಯ ಮೆಟ್ಟಿಲ ಪಕ್ಕದಲ್ಲೇ ನಿಂತರು. ಹೊರಬರುತ್ತಿದ್ದ ಒಬ್ಬೊಬ್ಬರನ್ನೂ ತಡೆದು ಒಂದೇ ಮಾತು ಹೇಳಿದರು. “ನನ್ನದು ಇಳಿದದ್ದು ಮಾತ್ರೆಯಿಂದ. ಬಿಂಬುಳಿ ಮೀನಿಗೆ ಮಾತ್ರ ಹಾಕಿ.” ಕೆಲವರು ನಕ್ಕರು. ಕೆಲವರು ನಂಬಲಿಲ್ಲ, ಅಳಿಯ ಬಿಂಬುಳಿಯನ್ನು ದೊಡ್ಡ ಕಂಪನಿಗೆ ಮಾರಿದ್ದಾನೆ, ಅದಕ್ಕೇ ಈಗ ಊರವರಿಗೆ ಬೇಡ ಎನ್ನುತ್ತಿದ್ದಾರೆ ಎಂದರು. ಅಂಥವರ ಮನೆಗೆ ಇಮ್ಯಾನುಯೆಲ್ ಬಿಸಿಲಿನಲ್ಲಿ ನಡೆದುಕೊಂಡೇ ಹೋಗಿ, ಫ್ರಿಜ್ಜಿನಲ್ಲಿದ್ದ ಬಾಟಲಿಗಳನ್ನು ಕೇಳಿ ತೆಗೆದು ತೆಂಗಿನ ಬುಡಕ್ಕೆ ಸುರಿದು ಬಂದರು. ಇದೆಲ್ಲ ಲಿಯೋನೆಲ್‌ಗೆ ತಿಳಿದದ್ದು ಶಾರ್ಲೆಟ್‌ಳಿಂದ. ಅವನೊಂದಿಗೆ ಇಮ್ಯಾನುಯೆಲ್ ಮಾತಾಡುತ್ತಿರಲಿಲ್ಲ. ಮಗಳೊಂದಿಗೂ ಅಷ್ಟಕ್ಕಷ್ಟೇ. ಮದುವೆಯ ಬಗ್ಗೆ ಉಂಟು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮಾತ್ರೆಯನ್ನು ಮಾತ್ರ ದಿನಾ ಮೇಜಿನ ಮೇಲೆ ಇಟ್ಟು, ಎಲ್ಲರ ಎದುರಿಗೆ ನುಂಗುತ್ತಿದ್ದರು.

ಲಿಯೋನೆಲ್ ಹರಿಣಾಕ್ಷಿಯವರ ಕೋಣೆಗೆ ಹೋದ. “ಮೇಡಂ, ಟೈಟಲ್‌ಗೆ ಕಿಡ್ನಿ ಸೇರಿಸಬೇಕು.”

“ಪೇಪರ್ ಕಳಿಸಿ ಆಗಿದೆ.”

“ಹಿಂದೆ ತೆಗೆದುಕೊಳ್ಳೋಣ.”

“ಪಿಎಚ್‌ಡಿ ಒಂದು ವರ್ಷ ಹಿಂದೆ ಬೀಳುತ್ತದೆ. ಲೆಕ್ಕ ಹಾಕಿದ್ದೀಯಾ?”

“ಬೀಳಲಿ ಮೇಡಂ.” ಅಲೆಕ್ಸಾಂಡರ್‌ರ ವಿಷಯ ಹೇಳಿದ, ಶಾರ್ಲೆಟ್ ಮಾಡಿದ್ದನ್ನೂ, ತಾನು ಮುಚ್ಚಿಟ್ಟದ್ದನ್ನೂ ಹೇಳಿದ. ಹರಿಣಾಕ್ಷಿಯವರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಪೇಷೆಂಟ್ ಈಗ ಹೇಗಿದ್ದಾರೆ ಎಂದು ಕೇಳಿದರು. ಡಯಾಲಿಸಿಸ್ ನಿಲ್ಲಿಸಿದ್ದಾರೆ, ಮೂತ್ರ ಬರುತ್ತಿದೆ, ಮನೆಗೆ ಕಳಿಸುತ್ತಾರಂತೆ ಎಂದ. ಅವರು ಕಂಪ್ಯೂಟರ್ ತಮ್ಮ ಕಡೆಗೆ ತಿರುಗಿಸಿಕೊಂಡು ಪೇಪರ್ ಹಿಂದೆ ತೆಗೆದುಕೊಳ್ಳುವ ಮೇಲ್ ಬರೆಯಲು ತೊಡಗಿದರು. ನಡುವೆ ತಲೆ ಎತ್ತಿ, “ಆ ಹುಡುಗಿಗೆ ನಮ್ಮಲ್ಲಿ ಕೆಲಸ ಬೇಕಾ ಕೇಳು” ಎಂದರು. ತಮಾಷೆಯೋ ನಿಜವೋ ಲಿಯೋನೆಲ್‌ಗೆ ತಿಳಿಯಲಿಲ್ಲ.

ಮರುದಿನ ಅವನು ಬಜಗೋಳಿಯಲ್ಲಿದ್ದಾಗ ಇಮ್ಯಾನುಯೆಲ್ ಬಂದರು. ಕಾರಿನಲ್ಲಲ್ಲ, ಕಾರ್ಕಳದಿಂದ ಬಸ್ಸಿನಲ್ಲಿ. ಅಂಗಳದಲ್ಲಿ ಅವರನ್ನು ಕಂಡು ತಾಯಿ ಮೆಲ್ಲಗೆ, “ಸಂಬಂಧ ಮುರಿಯಲಿಕ್ಕೆ ಬಂದದ್ದು, ಫೋನಿನಲ್ಲಿ ಹೇಳಿದರೆ ಚೆನ್ನಾಗಿರುವುದಿಲ್ಲ ಅಂತ” ಎಂದು ಹೇಳಿ ಸೆರಗು ಸರಿಮಾಡಿಕೊಂಡು ಹೊರಬಂದರು. ಇಮ್ಯಾನುಯೆಲ್ ಕುಳಿತರು. ಸೆಕೆಯ ಬಗ್ಗೆ, ಬಸ್ಸಿನ ನೂಕುನುಗ್ಗಲಿನ ಬಗ್ಗೆ ಮಾತಾಡಿದರು. ಊಟಕ್ಕೆ ಎಬ್ಬಿಸಿದರೆ ಎದ್ದು ಕೈತೊಳೆದು ಬಂದರು.

ಉಣ್ಣುತ್ತ ಲಿಯೋನೆಲ್‌ನನ್ನು ಕೇಳಿದರು. “ನಿನ್ನ ಪುಸ್ತಕದಲ್ಲಿ ನನ್ನ ಸಂಗತಿ ಹಾಕುತ್ತೀಯಾ?”

“ಆಗುವುದಿಲ್ಲ ಅಂಕಲ್. ಒಬ್ಬರಿಗೆ ಆದದ್ದರಿಂದ ಎಂತದ್ದೂ ಹೇಳಲಿಕ್ಕೆ ಬರುವುದಿಲ್ಲ.”

“ಅದನ್ನು ನನಗೆ ಜನವರಿಯಲ್ಲೇ ಹೇಳಬೇಕಿತ್ತು.”

“ಹೇಳಿದ್ದೆ.”

ಇಮ್ಯಾನುಯೆಲ್ ಅನ್ನ ಕಲಸುವುದನ್ನು ನಿಲ್ಲಿಸಿ ಯೋಚಿಸಿದರು. “ಹೌದು. ಹೇಳಿದ್ದಿ” ಎಂದರು. “ಕೇಳುವ ಹಾಗೆ ಹೇಳಲಿಲ್ಲ.” ಆಮೇಲೆ ಲಿಯೋನೆಲ್‌ನ ತಾಯಿಯ ಕಡೆ ತಿರುಗಿ, “ಹಾಲ್‌ನವರು ಊಟಕ್ಕೆ ಎಷ್ಟು ಜನ ಅಂತ ಕೇಳುತ್ತಿದ್ದಾರೆ. ನಿಮ್ಮ ಕಡೆಯವರು ಎಷ್ಟಾಗಬಹುದು?” ಎಂದರು. ತಾಯಿ ಲೆಕ್ಕ ಹೇಳಲು ಹೋಗಿ, ಅದನ್ನು ಬಿಟ್ಟು, ಇನ್ನೊಂದು ಸೌಟು ಸಾರು ಬಡಿಸಿದರು.

ಸಂಜೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಲಿಯೋನೆಲ್ ಬಜಗೋಳಿ ಪೇಟೆಗೆ ಬಂದ. ಕುದುರೆಮುಖದ ಕಡೆಯಿಂದ ಬರುವ ಬಸ್ಸು ತಡವಾಗಿತ್ತು. ಇಬ್ಬರೂ ಅಂಗಡಿಯ ನೆರಳಿನಲ್ಲಿ ನಿಂತು ದಾರಿ ನೋಡಿದರು. ಅಲೆಕ್ಸಾಂಡರ್ ಮದುವೆಗೆ ಬರುತ್ತಾನಂತೆ, ಆದರೆ ಉಪ್ಪು ಕಡಿಮೆ ಹಾಕಿದ ಊಟ ಬೇರೆ ಮಾಡಿಸಬೇಕು ಎಂದು ಇಮ್ಯಾನುಯೆಲ್ ಹೇಳಿದರು. ಮಾಡಿಸೋಣ ಎಂದ ಲಿಯೋನೆಲ್.

ಬಸ್ಸು ಬಂತು. ಇಮ್ಯಾನುಯೆಲ್ ಹತ್ತಿ, ಕಿಟಕಿಯ ಪಕ್ಕ ಕುಳಿತು, ಗಾಜು ಸರಿಸಿ ತಲೆ ಹೊರಹಾಕಿದರು.

“ಶಾರ್ಲೆಟ್‌ಗೆ ಚಹಾಕ್ಕೆ ಎರಡು ಚಮಚ ಸಕ್ಕರೆ ಬೇಕು” ಎಂದರು. “ನೀನು ಒಳ್ಳೆಯದು ಮಾಡುತ್ತೇನೆ ಅಂತ ಕಡಿಮೆ ಹಾಕಲಿಕ್ಕೆ ಹೋಗಬೇಡ. ಅವಳಿಗೆ ಗೊತ್ತಾಗುತ್ತದೆ.”

ಕಂಡಕ್ಟರ್ ಸೀಟಿ ಊದಿದ. ಬಸ್ಸು ಕಾರ್ಕಳದ ಕಡೆ ಹೊರಟಿತು.